ಕೊಬ್ಬರಿ ಬೇಡ, ತೆಂಗಿನಕಾಯಿ ಪರವಾಗಿಲ್ಲ!

ಈ ಸಲ ಬಂದ ಪತ್ರಗಳಲ್ಲಿ ಜರ್ಮನಿಯದ್ದೇ ಕಾರುಬಾರು. ಹೊರಟವರು, ಹೋಗಿ ಸೇರಿದವರು, ಕಳಿಸಿ ಕೂತವರು ಎಲ್ಲರೂ ಬರೆದಿದ್ದಾರೆ. ನಾನೂ ತುಮಕೂರಿನಿಂದ ಹೋಗಿ ಎರಡು ವರ್ಷ ಅಲ್ಲಿ ಓದಿ ಬಂದವಳು. ಕಂಡದ್ದು ಹೇಳುತ್ತೇನೆ.

ಪ್ರಶ್ನೆ: ಮುಂದಿನ ತಿಂಗಳು ಜರ್ಮನಿಗೆ ಹೊರಟಿದ್ದೇನೆ. ಅಮ್ಮ ಈಗಲೇ ತುಪ್ಪ, ಕೊಬ್ಬರಿ, ಹುರಿಹಿಟ್ಟು ಎಲ್ಲ ಕಟ್ಟಿಟ್ಟಿದ್ದಾರೆ. ಏನೇನು ಒಯ್ಯಬಹುದು?
– ವಿದ್ಯಾರ್ಥಿ, ತಿಪಟೂರು

ತುಪ್ಪದ ಡಬ್ಬಿ ಮೊದಲು ಆಚೆ ತೆಗೆಯಿರಿ. ಹಾಲು, ಮಾಂಸ, ಅವುಗಳಿಂದ ಮಾಡಿದ್ದನ್ನು ನಮ್ಮಂಥ ಹೊರಗಿನವರು ಯುರೋಪಿನ ಒಕ್ಕೂಟದೊಳಗೆ ಬ್ಯಾಗಿನಲ್ಲಿ ತರುವಂತಿಲ್ಲ. ತಿಪಟೂರಿನವರಿಗೆ ಇದನ್ನು ಹೇಳೋಕೆ ನನಗೇ ಸಂಕಟ, ಆದರೆ ಒಣ ಕೊಬ್ಬರಿಯನ್ನೂ ವಿಮಾನಕ್ಕೆ ಬಿಡುವುದಿಲ್ಲ. ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಅನ್ನುವ ಭಯ. ತಮಾಷೆ ಏನು ಗೊತ್ತಾ, ತೆಂಗಿನಕಾಯಿಗೆ ಯುರೋಪಿನವರ ತಕರಾರಿಲ್ಲ. ಹಣ್ಣು, ತರಕಾರಿ ತರಬೇಕಾದರೆ ಅದಕ್ಕೆ ರೋಗ, ಹುಳ ಇಲ್ಲ ಅಂತ ಸರ್ಟಿಫಿಕೇಟ್ ಬೇಕು. ಅನಾನಸ್, ತೆಂಗಿನಕಾಯಿ, ಡ್ಯೂರಿಯನ್, ಬಾಳೆಹಣ್ಣು, ಖರ್ಜೂರ ಈ ಐದಕ್ಕೆ ಮಾತ್ರ ಬೇಡ. ಶ್ರೀನಿವಾಸಪುರದ ಮಾವಿಗೆ ಆ ಭಾಗ್ಯ ಇಲ್ಲ, ಕರಿಬೇವಿಗೂ ಇಲ್ಲ. ಕಾಯಿ ಇಡುವ ಮುಂಚೆ ವಿಮಾನದವರನ್ನು ಒಂದು ಮಾತು ಕೇಳಿಕೊಳ್ಳಿ.

ರಾಗಿಹಿಟ್ಟು, ಸಾರಿನ ಪುಡಿ, ಹುರಿಹಿಟ್ಟು ಧಾರಾಳವಾಗಿ ಒಯ್ಯಿರಿ. ಕುಕ್ಕರ್ ಚಿಕ್ಕದು ಸಾಕು, ಇಂಡಕ್ಷನ್ ಒಲೆಗೂ ಆಗುವಂಥದ್ದಾಗಿರಲಿ. ಇನ್ನೊಂದು, ಶನಿವಾರ ರಾತ್ರಿ ಇಳಿಯುವ ಟಿಕೆಟ್ ಮಾಡಿಸಬೇಡಿ. ಭಾನುವಾರ ಅಲ್ಲಿ ಅಂಗಡಿಗಳು ಬಾಗಿಲು ತೆಗೆಯುವುದಿಲ್ಲ, ಬಿಟ್ಟರೆ ರೈಲ್ವೆ ಸ್ಟೇಷನ್ನಿನಲ್ಲಿ ಒಂದೆರಡು. ನಾನು ಹಾಗೆ ಇಳಿದು ಇಡೀ ದಿನ ಹುರಿಹಿಟ್ಟನ್ನು ನಲ್ಲಿ ನೀರಿನಲ್ಲಿ ಕಲಸಿ ತಿಂದಿದ್ದೇನೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಂದು ರೂಮು ಸಿಕ್ಕಿದೆ. ಓನರ್ ಊರಲ್ಲಿಲ್ಲವಂತೆ, ದುಡ್ಡು ಹಾಕಿದರೆ ಕೀ ಕೊರಿಯರ್ ಮಾಡುತ್ತಾರಂತೆ. ಹಾಕಲಾ?
– ಸಿರಾದ ಓದುಗ

ಹಾಕಬೇಡಿ. ಶುದ್ಧ ಮೋಸ ಅದು, ವರ್ಷಾ ವರ್ಷ ಹೊಸ ಹುಡುಗರು ಇದೇ ಗುಂಡಿಗೆ ಬೀಳುತ್ತಾರೆ. ನಿಮಗೆ ಗೊತ್ತಿರುವವರು ಯಾರಾದರೂ ಹೋಗಿ ರೂಮು ನೋಡಿ ಬರಲಿ, ಆಮೇಲೆ ದುಡ್ಡಿನ ಮಾತು. ಅಲ್ಲಿನ ಕಾನೂನಿನ ಪ್ರಕಾರ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆ ದಾಟುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಬೆಂಗಳೂರಿನ ಓನರುಗಳು ಇದನ್ನು ಓದದಿದ್ದರೆ ಒಳ್ಳೆಯದು!

ಮನೆ ಕೊಟ್ಟವರು ‘ಇವರು ಇಲ್ಲಿದ್ದಾರೆ’ ಅಂತ ಸಹಿ ಹಾಕಿದ ಕಾಗದ ಕೊಡುತ್ತಾರಾ ಅಂತಲೂ ಮೊದಲೇ ಕೇಳಿ. ಮನೆ ಸೇರಿದ ಎರಡು ವಾರದೊಳಗೆ ಆ ಕಾಗದ ಹಿಡಿದು ಊರಿನ ಕಚೇರಿಯಲ್ಲಿ ವಿಳಾಸ ಬರೆಸಬೇಕು. ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಾಗದಿದ್ದರೆ ಮುಂದಿನ ಕೆಲಸಗಳೆಲ್ಲ ಒಂದರ ಹಿಂದೆ ಒಂದು ನಿಲ್ಲುತ್ತವೆ. ‘ಇರಿ, ಆದರೆ ವಿಳಾಸ ಬರೆಸಬೇಡಿ’ ಅನ್ನುವ ಮನೆ ಎಷ್ಟು ಅಗ್ಗವಾದರೂ ಬೇಡ.

ಪ್ರಶ್ನೆ: ನನ್ನ ಕೋರ್ಸ್ ಪೂರ್ತಿ ಇಂಗ್ಲಿಷಿನಲ್ಲಿದೆ. ಆದರೂ ಜರ್ಮನ್ ಕಲಿಯಬೇಕಾ?
– ಕೋಲಾರ

ಕಲಿಯಬೇಕು. ಪಾಠ ಇಂಗ್ಲಿಷು, ಆದರೆ ಇನ್ಶೂರೆನ್ಸ್‌ನವರ ಕಾಗದ, ಕರೆಂಟ್ ಬಿಲ್ಲು, ಪಕ್ಕದ ಮನೆ ಅಜ್ಜಿಯ ಬೈಗುಳ ಎಲ್ಲ ಜರ್ಮನ್. ಕೋಲಾರದಲ್ಲಿ ನಿಮಗೆ ತೆಲುಗು ಸಂತೆ ಬೀದಿಯಲ್ಲೇ ಬಂದಿರಬಹುದು. ಇದು ಹಾಗೆ ಬರುವುದಿಲ್ಲ, ಕೂತು ಕಲಿಯಬೇಕು. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಸುತ್ತಾರೆ. ಎ1, ಅಂದರೆ ಮೊದಲ ಹಂತ, ಮುಗಿಸಿಕೊಂಡೇ ವಿಮಾನ ಹತ್ತಿ.

ಪ್ರಶ್ನೆ: ಮಗ ಹೋಗಿ ಎಂಟು ತಿಂಗಳಾಯಿತು. ಫೋನ್ ಮಾಡಿದರೆ ‘ಚೆನ್ನಾಗಿದೀನಮ್ಮ’ ಅಂತ ಎರಡೇ ನಿಮಿಷಕ್ಕೆ ಇಡುತ್ತಾನೆ. ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾನಂತೆ, ಬೇರೆಯವರಿಂದ ಗೊತ್ತಾಯಿತು. ಸಾಲ ಮಾಡಿ ಅಷ್ಟು ದುಡ್ಡು ಕಟ್ಟಿದ್ದೇವೆ, ಯಾಕೆ ಹೀಗೆ? ಹೆಸರು ಹಾಕಬೇಡಿ.
– ಒಬ್ಬ ತಾಯಿ, ಚಿಂತಾಮಣಿ

ಅಮ್ಮಾ, ಮೊದಲು ದುಡ್ಡಿನ ವಿಷಯ. ನೀವು ಕಟ್ಟಿದ್ದು ಬ್ಲಾಕ್ಡ್ ಅಕೌಂಟಿಗೆ, ಅಂದರೆ ವೀಸಾಕ್ಕಾಗಿ ಅವನ ಖರ್ಚಿನ ದುಡ್ಡು ಮೊದಲೇ ಇಡುವ ಖಾತೆಗೆ. 2024ರ ಸೆಪ್ಟೆಂಬರಿನಿಂದ ಅದು ವರ್ಷಕ್ಕೆ 11,904 ಯೂರೋ. ಒಟ್ಟಿಗೆ ಕೈಗೆ ಬರುವುದಿಲ್ಲ, ತಿಂಗಳಿಗೆ 992 ಬಿಡುತ್ತಾರೆ. ಅದರಲ್ಲೇ ಬಾಡಿಗೆ, ಇನ್ಶೂರೆನ್ಸ್, ಊಟ. ದೊಡ್ಡ ಊರಾದರೆ ತಿಂಗಳ ಕೊನೆಗೆ ಎಳೆದಾಟ ಇದ್ದೇ ಇರುತ್ತದೆ. ಅವನು ಕೆಲಸ ಮಾಡುವುದು ಕದ್ದುಮುಚ್ಚಿ ಅಲ್ಲ, ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು ಅಂತ ಕಾನೂನೇ ಇದೆ. ಅಲ್ಲಿ ಪಾತ್ರೆ ತೊಳೆಯುವ ಹುಡುಗನನ್ನು ಯಾರೂ ಕೀಳಾಗಿ ನೋಡುವುದಿಲ್ಲ. ಅವನಿಗೆ ಭಯ ಇರುವುದು ಅವರದ್ದಲ್ಲ, ಚಿಂತಾಮಣಿಯದ್ದು. ಅದಕ್ಕೇ ಮುಚ್ಚಿಟ್ಟಿದ್ದಾನೆ.

ಇನ್ನು ಆ ಎರಡು ನಿಮಿಷ. ನೀವು ಸಂಜೆ ಏಳಕ್ಕೆ ದೀಪ ಹಚ್ಚಿ ಫೋನ್ ಮಾಡಿದರೆ ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ಎರಡೂವರೆ, ಕ್ಲಾಸಿನಲ್ಲಿರುತ್ತಾನೆ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದೆ ಮಾಡುತ್ತಾರೆ, ಆಗ ಮೂರೂವರೆ. ಭಾನುವಾರ ಮಾಡಿ, ರಜೆ ಇರುತ್ತದೆ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು, ನಾಲ್ಕೂವರೆಗೆಲ್ಲ ಕತ್ತಲೆ. ಬಿಸಿಲಲ್ಲಿ ಬೆಳೆದ ನಮ್ಮ ಕಡೆ ಮಕ್ಕಳು ಅದಕ್ಕೆ ಮಂಕಾಗುತ್ತಾರೆ, ನಾನೂ ಆಗಿದ್ದೆ. ಹನ್ನೊಂದು ದಿನ ಬ್ರೆಡ್ಡು, ಉಪ್ಪಿನಕಾಯಿ ತಿಂದುಕೊಂಡು ಅಮ್ಮನಿಗೆ ‘ದಿನಾ ಮುದ್ದೆ ಮಾಡ್ತೀನಿ’ ಅಂತ ಹೇಳುತ್ತಿದ್ದೆ. ಹನ್ನೆರಡನೇ ದಿನ ಅಮ್ಮ ವಿಡಿಯೋ ಕಾಲ್ ಮಾಡಿ, ‘ಎಲ್ಲಿ, ಈಗ ತಿರುವು, ನೋಡೋಣ’ ಅಂದರು. ಕೋಲು ಇರಲಿಲ್ಲ, ಸೌಟಿನ ಹಿಡಿಯಲ್ಲೇ ತಿರುವಿದೆ. ಪೂರ್ತಿ ಗಂಟು. ಆಮೇಲೆ ಒಗ್ಗರಣೆ ಹೊಗೆಗೆ ಹಾಸ್ಟೆಲ್ಲಿನ ಅಲಾರಂ ಹೊಡೆದುಕೊಂಡಿತು, ಎಲ್ಲರೂ ಹೊರಗೆ ಓಡಿದರು. ಅಮ್ಮ ಫೋನಿನಲ್ಲೇ ಇದ್ದರು, ನಾವಿಬ್ಬರೂ ಅವತ್ತು ಮುಕ್ಕಾಲು ಗಂಟೆ ಮಾತಾಡಿದೆವು.

‘ಊಟ ಆಯ್ತಾ’ ಅಂದರೆ ಅವನು ‘ಆಯ್ತು’ ಅಂತಲೇ ಹೇಳುತ್ತಾನೆ. ‘ಒಲೆ ತೋರಿಸು’ ಅನ್ನಿ. ಕಿಟಕಿ ಮೊದಲೇ ತೆಗೆದಿಟ್ಟುಕೊಳ್ಳಲಿ.