ಯಾವ ವರ್ಷ ಕೆಲಸಕ್ಕೆ ಸೇರಿದಿರಿ?

ತಮ್ಮಾ,

ಅಕ್ಕಾ ಎಂದು ಕರೆದು ಬರೆದಿದ್ದೀಯ. ನನ್ನ ವಯಸ್ಸಿಗೆ ಅತ್ತೆ ಎಂದಿದ್ದರೂ ತಪ್ಪಿರಲಿಲ್ಲ. ಇರಲಿ, ಅಕ್ಕನೇ ಕೇಳಲು ಹಿತ. ಹಾಗೆ ಕರೆಸಿಕೊಂಡ ಮೇಲೆ ನಿನ್ನನ್ನು ‘ನೀವು’ ಎನ್ನಲು ನನ್ನಿಂದಾಗದು.

ಮಿಷಿಗನ್‌ಗೆ ಹೊಸದಾಗಿ ಬಂದವರು ನನ್ನನ್ನು ಕೇಳುವುದು ಚಳಿಗಾಲದ ಟೈರು, ಕ್ರೆಡಿಟ್ ಸ್ಕೋರ್, ಡ್ರೈವಿಂಗ್ ಪರೀಕ್ಷೆ ಇಂಥವನ್ನು. ಬಂದು ಮೂರೇ ತಿಂಗಳಾದ ನೀನು ಕೇಳಿದ್ದು ಬೇರೆಯೇ. ಕಚೇರಿಯಲ್ಲಿ ಊಟದ ಹೊತ್ತು, ನಿವೃತ್ತಿಯ ಅಂಚಿನಲ್ಲಿರುವ ಎಂಜಿನಿಯರೊಬ್ಬರು ‘ಈ ದೇಶವನ್ನು ಕಟ್ಟಿದ್ದು ಬಂಡವಾಳಶಾಹಿ’ ಎಂದರಂತೆ. ಎದುರಿಗಿದ್ದ ಇಪ್ಪತ್ನಾಲ್ಕರ ಹುಡುಗಿ ‘ನಮ್ಮನ್ನು ಹಿಂಡುತ್ತಿರುವುದೂ ಅದೇ’ ಎಂದಳಂತೆ. ಇಬ್ಬರೂ ನಿನ್ನತ್ತ ತಿರುಗಿ ‘ನಿನಗೇನನ್ನಿಸುತ್ತದೆ?’ ಎಂದಾಗ ನೀನು ಡಬ್ಬಿಯ ಮುಚ್ಚಳ ಹಾಕುವುದರಲ್ಲಿ ಮಗ್ನನಾದೆಯಂತೆ. ಒಳ್ಳೆಯದನ್ನೇ ಮಾಡಿದ್ದೀಯ. ಒಂದೇ ಮೇಜಿಗೆ ಕುಳಿತು ಉಣ್ಣುವ ಇಬ್ಬರ ನಡುವೆ ಇಷ್ಟು ದೂರ ಏಕೆ, ತಾನು ಏನು ಹೇಳಬೇಕಿತ್ತು ಎಂದು ಕೇಳಿದ್ದೀಯ.

ಇಪ್ಪತ್ತೇಳು ವರ್ಷ ಈ ಜನರ ನಡುವೆ ಬದುಕಿದ ಮೇಲೆ ನನಗೆ ತಿಳಿದಿರುವುದು ಇಷ್ಟು: ಅವರಿಬ್ಬರೂ ಒಂದೇ ವಿಷಯವನ್ನು ಕುರಿತು ಮಾತನಾಡುತ್ತಲೇ ಇರಲಿಲ್ಲ. ಇಲ್ಲಿ ಒಬ್ಬೊಬ್ಬರೂ ತಾವು ದುಡಿಯಲು ತೊಡಗಿದ ಕಾಲದಲ್ಲಿ ತಮ್ಮ ಕೈಗೆ ಬಂದದ್ದಕ್ಕೆ ಆ ಹೆಸರು ಇಟ್ಟುಕೊಂಡಿದ್ದಾರೆ.

ನನ್ನ ಪಕ್ಕದ ಮನೆಯ ಅಜ್ಜನ ಕತೆ ಹೇಳುತ್ತೇನೆ. 1966ರಲ್ಲಿ ಪ್ರೌಢಶಾಲೆ ಮುಗಿಸಿ, ಒಂದು ಕಾರು ಕಾರ್ಖಾನೆಯ ಜೋಡಣೆ ಸಾಲಿಗೆ ನಿಂತವರು. ಮೂವತ್ತು ವರ್ಷ ದುಡಿದು, ಐವತ್ತು ತುಂಬುವ ಮೊದಲೇ ಪೂರ್ಣ ಪಿಂಚಣಿಯೊಂದಿಗೆ ಹೊರಬಂದರು. ಮನೆಯ ಸಾಲ ತೀರಿತ್ತು, ಉತ್ತರದಲ್ಲಿ ಸರೋವರದ ದಂಡೆಗೆ ಒಂದು ಮರದ ಮನೆಯೂ ಆಗಿತ್ತು. ಹೆಂಡತಿ ಹೊರಗೆ ದುಡಿದವರಲ್ಲ. ಅವರು ಬಂಡವಾಳಶಾಹಿಯನ್ನು ಹೊಗಳಿದರೆ ನಾನು ಬಾಯಿ ಮುಚ್ಚಿಕೊಂಡು ಕೇಳುತ್ತೇನೆ, ಏಕೆಂದರೆ ಆ ಮನೆ, ಆ ಪಿಂಚಣಿ ಸುಳ್ಳಲ್ಲ.

ಆದರೆ ಅದು ಎಲ್ಲಿಂದ ಬಂತು? ಇಲ್ಲಿಂದ ಒಂದು ಗಂಟೆಯ ದಾರಿಯ ಫ್ಲಿಂಟ್‌ನಲ್ಲಿ 1936ರ ಡಿಸೆಂಬರ್ ಕೊನೆಗೆ ಕಾರ್ಮಿಕರು ಜನರಲ್ ಮೋಟರ್ಸ್‌ನ ಕಾರ್ಖಾನೆಗಳೊಳಗೇ ಕುಳಿತು ಮುಷ್ಕರ ಹೂಡಿದರು. ಮಿಷಿಗನ್ನಿನ ಚಳಿಯಲ್ಲಿ ನಲವತ್ನಾಲ್ಕು ದಿನ. ಕಂಪನಿ ಅವರ ಸಂಘಕ್ಕೆ ಮಾನ್ಯತೆ ಕೊಟ್ಟ ಮೇಲೆಯೇ ಎದ್ದರು. 1950ರಲ್ಲಿ ಅದೇ ಸಂಘ, ಅದೇ ಕಂಪನಿ ಐದು ವರ್ಷದ ಒಪ್ಪಂದ ಮಾಡಿಕೊಂಡವು: ಬೆಲೆ ಏರಿದಂತೆ ಕೂಲಿ ಏರುವುದು, ಪಿಂಚಣಿ, ಆರೋಗ್ಯ ವಿಮೆ. ಆ ಕಾಲದಲ್ಲಿ ಅಮೆರಿಕದ ದುಡಿಯುವವರಲ್ಲಿ ಮೂರರಲ್ಲಿ ಒಬ್ಬರಷ್ಟು ಜನ ಸಂಘಗಳಲ್ಲಿದ್ದರು. 2024ರಲ್ಲಿ ಆ ಪ್ರಮಾಣ ಶೇ 9.9. ಅಜ್ಜ ಯಾವುದನ್ನು ಬಂಡವಾಳಶಾಹಿ ಎನ್ನುತ್ತಾರೋ ಅದರ ಅರ್ಧವನ್ನು ಸಂಘ ಚೌಕಾಶಿ ಮಾಡಿ ತಂದಿತ್ತು.

ಅವರ ಮೊಮ್ಮಗನೂ ಅಂಥದೇ ಕಾರ್ಖಾನೆಗೆ 2011ರಲ್ಲಿ ಸೇರಿದ. ಅಷ್ಟರಲ್ಲಿ ಸಂಘ ಮತ್ತು ಕಾರು ಕಂಪನಿಗಳ ನಡುವಿನ 2007ರ ಒಪ್ಪಂದ ಬಂದಿತ್ತು. ಹಳಬರಿಗೆ ಗಂಟೆಗೆ 28 ಡಾಲರ್ ಆಸುಪಾಸು, ಹೊಸಬರಿಗೆ ಸುಮಾರು 14ರಿಂದ ಆರಂಭ. ಹೊಸಬರಿಗೆ ಹಳೆಯ ಮಾದರಿಯ ಪಿಂಚಣಿಯೂ ಇಲ್ಲ. ಒಂದೇ ಸಾಲು, ಒಂದೇ ಬೋಲ್ಟು, ಒಂದೇ ಬೆನ್ನುನೋವು. ಎಡಗಡೆ ನಿಂತವನಿಗೆ ಬಲಗಡೆ ನಿಂತವನ ಅರ್ಧ ಕೂಲಿ, ತಡವಾಗಿ ಹುಟ್ಟಿದ್ದೇ ಕಾರಣ. ತಲೆಮಾರುಗಳ ನಡುವಿನ ಭಿನ್ನಾಭಿಪ್ರಾಯ ಎಂದು ಪತ್ರಿಕೆಗಳು ಬರೆಯುತ್ತವಲ್ಲ, ಅದು ಇಲ್ಲಿ ಅಭಿಪ್ರಾಯವಾಗಿ ಹುಟ್ಟಲಿಲ್ಲ, ಕರಾರಿನ ಒಂದು ಕಲಮಾಗಿ ಹುಟ್ಟಿತು. ನನ್ನ ಮಟ್ಟಿಗೆ ಇಡೀ ಚರ್ಚೆ ಆ ಜೋಡಣೆ ಸಾಲಿನಲ್ಲಿದೆ. 2023ರ ಸೆಪ್ಟೆಂಬರ್‌ನಲ್ಲಿ ಸಂಘ ಮೂರೂ ದೊಡ್ಡ ಕಾರು ಕಂಪನಿಗಳ ಮೇಲೆ ಒಟ್ಟಿಗೆ ಮುಷ್ಕರ ಹೂಡಿದಾಗ ಮೊಮ್ಮಗ ಫಲಕ ಹಿಡಿದು ಗೇಟಿನ ಮುಂದೆ ನಿಂತ. ಅಜ್ಜ ಅವನಿಗೆ ಫ್ಲಾಸ್ಕಿನಲ್ಲಿ ಕಾಫಿ ಒಯ್ದು ಕೊಟ್ಟು, ಮನೆಗೆ ಬಂದು ನನ್ನ ಬಳಿ ‘ಈ ಹುಡುಗರಿಗೆ ಸಮಾಜವಾದದ ಹುಚ್ಚು’ ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಆ ಮುಷ್ಕರದಿಂದ ನಾಲ್ಕೂವರೆ ವರ್ಷಗಳಲ್ಲಿ ಶೇ 25ರಷ್ಟು ಕೂಲಿ ಏರಿಕೆ ಸಿಕ್ಕಿತು. ಎಂಟು ವರ್ಷ ಹಿಡಿಯುತ್ತಿದ್ದ ಪೂರ್ಣ ಕೂಲಿಯ ಮೆಟ್ಟಿಲು ಮೂರು ವರ್ಷಕ್ಕೆ ಇಳಿಯಿತು. ಪಿಂಚಣಿ ಮಾತ್ರ ಮರಳಲಿಲ್ಲ.

ಸಮಾಜವಾದ ಎಂಬ ಪದದ ಬಗ್ಗೆ ಒಂದು ಮಾತು. ನಮ್ಮಲ್ಲಿ ‘ಅವರು ಸಮಾಜವಾದಿ’ ಎಂದರೆ ಲೋಹಿಯಾ, ಶಾಂತವೇರಿ ಗೋಪಾಲಗೌಡರ ನೆನಪಿನೊಂದಿಗೆ ಒಂದಿಷ್ಟು ಗೌರವ ಅಂಟಿಕೊಂಡು ಬರುತ್ತದೆ. ಇಲ್ಲಿಯ ಹಿರಿಯರಿಗೆ ಆ ಪದ ಕೇಳಿದೊಡನೆ ಕಾಣುವುದು ಸೋವಿಯತ್ ಕ್ಷಿಪಣಿ, ಶಾಲೆಯಲ್ಲಿ ಮೇಜಿನಡಿ ಅವಿತುಕೊಂಡ ಅಣುಬಾಂಬ್ ತಾಲೀಮು. ಹುಡುಗರಿಗೆ ಕಾಣುವುದು ಆಸ್ಪತ್ರೆಯ ಬಿಲ್ಲು ಬಾರದ ಯಾವುದೋ ಯುರೋಪಿನ ದೇಶ. ಇನ್ನು ಬಂಡವಾಳ‘ಶಾಹಿ’ ಎನ್ನುವಾಗಲೇ ನಮ್ಮ ಕನ್ನಡ ತೀರ್ಪು ಕೊಟ್ಟುಬಿಟ್ಟಿರುತ್ತದೆ: ನೌಕರಶಾಹಿ, ಸಾಮ್ರಾಜ್ಯಶಾಹಿಗಳ ಪಕ್ಕದಲ್ಲಿ ಕೂರುವ ಪದ ಅದು. ಇಂಗ್ಲಿಷಿನಲ್ಲಿ ಆ ದನಿ ಇಲ್ಲ. ಮನಸ್ಸಿನಲ್ಲೇ ಭಾಷಾಂತರ ಮಾಡಿಕೊಂಡು ಮಾತಿಗಿಳಿಯುವ ನಮ್ಮಂಥವರು ಇದನ್ನು ಮರೆಯಬಾರದು, ಇಲ್ಲವಾದರೆ ನಮ್ಮದೇ ಬಂಡವಾಳ ಬಯಲಾದೀತು.

ನಡುವಯಸ್ಸಿನವರ ಬಗ್ಗೆ ಹೆಚ್ಚು ಹೇಳಲು ನನಗಿಲ್ಲ. ಬರ್ಲಿನ್ ಗೋಡೆ ಬಿದ್ದಾಗ ಅವರಿಗೆ ಇಪ್ಪತ್ತರ ಹರೆಯ. ವಾದ ಅಲ್ಲಿಗೆ ಮುಗಿಯಿತು ಎಂದುಕೊಂಡರು. ಪಿಂಚಣಿಯ ಬದಲು ಅವರಿಗೆ ಸಿಕ್ಕಿದ್ದು 401ಕೆ, ಅಂದರೆ ಸಂಬಳದಲ್ಲಿ ಕಡಿದಿಟ್ಟ ಹಣವನ್ನು ಷೇರುಪೇಟೆಯಲ್ಲಿ ಹಾಕಿ ಮುಪ್ಪನ್ನು ತಾವೇ ನೋಡಿಕೊಳ್ಳುವ ಏರ್ಪಾಡು. 1978ರ ತೆರಿಗೆ ಕಾನೂನಿನ ಒಂದು ಸಣ್ಣ ಕಲಮಿನಿಂದ ಹುಟ್ಟಿದ್ದು ಅದು. 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಪೇಟೆ ಅರ್ಧಕ್ಕಿಂತ ಕೆಳಗೆ ಕುಸಿದಾಗ ‘ನನ್ನ 401ಕೆ ಈಗ 201ಕೆ’ ಎಂಬ ನಗೆಮಾತು ಹುಟ್ಟಿತ್ತು. ನಾವೂ ನಕ್ಕೆವು. ರಾತ್ರಿ ನಿದ್ದೆ ಮಾತ್ರ ಬರುತ್ತಿರಲಿಲ್ಲ. ಪೇಟೆ ಮತ್ತೆ ಏರಿತು. ಕಾಯಲು ಸಾಧ್ಯವಿದ್ದವರ ನಂಬಿಕೆಯೂ ಮರಳಿತು.

ನಿನ್ನ ಸಹೋದ್ಯೋಗಿ ಹುಡುಗಿಗೆ ಕಾಯಲು ಏನೂ ಇರಲಿಲ್ಲ. ಆ ಕುಸಿತ ಅವಳಿಗೆ ಬಾಲ್ಯದ ನೆನಪು: ಬೀದಿಯಲ್ಲಿ ಮನೆಮನೆಗೂ ಬ್ಯಾಂಕಿನ ಬೀಗ, ಅಪ್ಪ ಹಗಲು ಹೊತ್ತು ಮನೆಯಲ್ಲೇ. ಬೆಳೆದು ಓದಲು ಹೋದರೆ ಸಾಲ. ಈ ದೇಶದ ವಿದ್ಯಾರ್ಥಿ ಸಾಲದ ಮೊತ್ತ 1.6 ಲಕ್ಷ ಕೋಟಿ ಡಾಲರ್ ದಾಟಿದೆ. ದಿವಾಳಿ ಅರ್ಜಿ ಹಾಕಿದರೂ ಅದು ಸುಲಭಕ್ಕೆ ಬೆನ್ನು ಬಿಡುವುದಿಲ್ಲ. 2024ರಲ್ಲಿ ಮೊದಲ ಮನೆ ಕೊಂಡವರಲ್ಲಿ ಅರ್ಧದಷ್ಟು ಮಂದಿ 38 ದಾಟಿದವರು. ಪಕ್ಕದ ಮನೆಯ ಅಜ್ಜ 38ನೇ ವಯಸ್ಸಿಗೆ ನಿವೃತ್ತಿಯ ದಿನ ಎಣಿಸುತ್ತಿದ್ದರು.

ನನ್ನ ಮಗಳು ಈ ಪೈಕಿ. ಬರುವ ತಿಂಗಳು ಅವಳಿಗೆ ಇಪ್ಪತ್ತಾರು. ಇಲ್ಲಿ ಆ ಹುಟ್ಟುಹಬ್ಬಕ್ಕೆ ವಿಶೇಷ ಅರ್ಥವಿದೆ: 2010ರ ಆರೋಗ್ಯ ಕಾನೂನಿನ ಪ್ರಕಾರ ಮಕ್ಕಳು ತಂದೆತಾಯಿಯ ವಿಮೆಯಲ್ಲಿ ಉಳಿಯಬಹುದಾದದ್ದು ಇಪ್ಪತ್ತಾರು ತುಂಬುವವರೆಗೆ. ಅವಳ ಗೆಳತಿಯರು ಮೇಣದಬತ್ತಿ ಆರಿಸುವ ಮೊದಲು ಹಲ್ಲು, ಕಣ್ಣು, ರಕ್ತ ಎಲ್ಲ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ‘ಅಮ್ಮಾ, ಇದು ಬಂಡವಾಳಶಾಹಿಯ ಕೊನೆಗಾಲ’ ಎನ್ನುತ್ತಾಳೆ, ಕೈಯಲ್ಲಿ ಹೊಸ ಫೋನು ಹಿಡಿದುಕೊಂಡು. ಮೊದಮೊದಲು ನಾನು ಆ ಫೋನನ್ನು ತೋರಿಸಿ ಹಂಗಿಸುತ್ತಿದ್ದೆ. ಈಗ ಬಿಟ್ಟಿದ್ದೇನೆ. ಫೋನು ಅಗ್ಗ, ಮನೆ ತುಟ್ಟಿ. ಅವಳ ದೂರು ಮನೆಯ ಬಗ್ಗೆ, ನಾನು ಉತ್ತರ ಕೊಡುತ್ತಿದ್ದುದು ಫೋನಿನ ಬಗ್ಗೆ.

ಅಂಕಿ ಅಂಶವೂ ಬೇಕೆಂದರೆ: ಗ್ಯಾಲಪ್ ಸಮೀಕ್ಷೆಯಲ್ಲಿ 18ರಿಂದ 29 ವಯಸ್ಸಿನವರ ಪೈಕಿ ಬಂಡವಾಳಶಾಹಿಯ ಬಗ್ಗೆ ಒಳ್ಳೆಯ ಮಾತಾಡಿದವರು 2010ರಲ್ಲಿ ಶೇ 68, 2018ರಲ್ಲಿ ಶೇ 45. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ 2025ರಲ್ಲಿ ಶೇ 54. ಅದೇ 2025ರಲ್ಲಿ ‘ಸಣ್ಣ ವ್ಯಾಪಾರ’ ಎಂದು ಕೇಳಿದಾಗ ಶೇ 95 ಜನ ಮೆಚ್ಚಿದರು, ‘ದೊಡ್ಡ ಕಂಪನಿಗಳು’ ಎಂದಾಗ ಶೇ 37. ವಯಸ್ಸಿನಷ್ಟೇ ಪಕ್ಷವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ತಲೆ ನರೆತವರೆಲ್ಲ ಒಂದು ಕಡೆ ಎಂದು ತಿಳಿಯಬೇಡ.

ಈಗ ನಮ್ಮವರ ಸರದಿ. 1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಬಂದ ಹಿರಿಯರನ್ನು ನೀನು ಕನ್ನಡ ಕೂಟದಲ್ಲಿ ಭೇಟಿಯಾಗುತ್ತೀಯ. ‘ಜೇಬಿನಲ್ಲಿ ಎಂಟು ಡಾಲರ್ ಇಟ್ಟುಕೊಂಡು ಬಂದೆ’ ಎಂಬ ಕತೆ ಕೇಳುತ್ತೀಯ. ಕತೆ ನಿಜ, ಆಗ ಭಾರತದಿಂದ ತರಬಹುದಾಗಿದ್ದ ವಿದೇಶಿ ಹಣಕ್ಕೆ ಅಷ್ಟು ಬಿಗಿ ಮಿತಿಯಿತ್ತು. ಆದರೆ ಜೇಬಿನ ಇನ್ನೊಂದು ಬದಿಯಲ್ಲಿ ವೈದ್ಯಕೀಯದ್ದೋ ಎಂಜಿನಿಯರಿಂಗಿನದ್ದೋ ಪದವಿ ಇತ್ತು, ಅದನ್ನು ಓದಿಸಿದ್ದು ಬಹುಮಟ್ಟಿಗೆ ಸರ್ಕಾರಿ ಕಾಲೇಜು. ಎಂಟು ಡಾಲರ್ ಲೆಕ್ಕಕ್ಕೆ ಬರುತ್ತದೆ, ಪದವಿ ಬರುವುದಿಲ್ಲ. ನಾನೂ ಕಡಿಮೆಯೇನಲ್ಲ. 1998ರಲ್ಲಿ ಬಂದಾಗ ‘ಶ್ರಮಪಟ್ಟವನಿಗೆ ಇಲ್ಲಿ ಸೋಲಿಲ್ಲ’ ಎಂದು ಊರಿಗೆ ಪತ್ರ ಬರೆದಿದ್ದೆ. 2001ರಲ್ಲಿ ನಾನಿದ್ದ ಕಂಪನಿ ಒಂದು ಬೆಳಗ್ಗೆ ನಮ್ಮ ವಿಭಾಗವನ್ನೇ ಮುಚ್ಚಿ, ರಟ್ಟಿನ ಪೆಟ್ಟಿಗೆ ಕೈಗಿತ್ತು, ಕಾವಲುಗಾರನನ್ನು ಜೊತೆ ಮಾಡಿ ಕಾರಿನವರೆಗೆ ಕಳಿಸಿತು. ಮಗಳಿಗೆ ಆಗ ಎರಡು ವರ್ಷ ತುಂಬಿರಲಿಲ್ಲ. ಆ ಪತ್ರವನ್ನು ಅಪ್ಪ ಜೋಪಾನವಾಗಿ ಇಟ್ಟಿದ್ದರು. ಅವರು ಹೋದ ಮೇಲೆ ನನ್ನ ಕೈಗೆ ಸಿಕ್ಕಿತು. ಓದಿ ನಾಚಿಕೆಯಾಯಿತು.

ನಿನ್ನ ಸ್ಥಿತಿ ಆ ಮೇಜಿನ ಇಬ್ಬರದ್ದಕ್ಕಿಂತಲೂ ವಿಚಿತ್ರ. ಬಂಡವಾಳಶಾಹಿಯ ದೊಡ್ಡ ಹೆಗ್ಗಳಿಕೆ ಎಂದರೆ ಒಲ್ಲದ ಕೆಲಸ ಬಿಟ್ಟು ಬೇರೆಡೆ ಹೋಗುವ ಸ್ವಾತಂತ್ರ್ಯ. ಕಂಪನಿಯ ಅರ್ಜಿಯ ಮೇಲೆ ಸಿಗುವ ಎಚ್-1ಬಿ ಕೆಲಸದ ವೀಸಾ ಮೇಲಿರುವ ನಿನಗೆ ಅದು ಅರ್ಧಂಬರ್ಧ: ಹೊಸ ಕಂಪನಿ ನಿನಗಾಗಿ ಅರ್ಜಿ ಹಾಕಬೇಕು, ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ದಾರಿ ಕಂಡುಕೊಳ್ಳಬೇಕು, ಗ್ರೀನ್ ಕಾರ್ಡಿಗೆ, ಅಂದರೆ ಇಲ್ಲಿ ಕಾಯಂ ನೆಲೆಸುವ ಪರವಾನಗಿಗೆ, ವರ್ಷಕ್ಕೆ ಕೊಡುವ ಒಟ್ಟು ಸಂಖ್ಯೆಯಲ್ಲಿ ಪ್ರತಿ ದೇಶಕ್ಕೂ ಶೇ 7ರ ಮಿತಿ ಇರುವುದರಿಂದ ನಮ್ಮವರ ಸರತಿ ವರ್ಷಗಟ್ಟಲೆ. ಇನ್ನು ನಿನ್ನ ಸಂಬಳ ಚೀಟಿ ನೋಡು. ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿಗೆ ಶೇ 6.2, ಮೆಡಿಕೇರ್ ಎಂಬ ವೃದ್ಧರ ಆರೋಗ್ಯ ವಿಮೆಗೆ ಶೇ 1.45 ಕಡಿತವಾಗಿರುತ್ತದೆ. ಇಂದು ದುಡಿಯುವವರು ಕಟ್ಟಿದ ಹಣದಿಂದಲೇ ಇಂದಿನ ವೃದ್ಧರಿಗೆ ಪಾವತಿ. ಎಂದರೆ ಸಮಾಜವಾದವನ್ನು ಬೈಯುವ ನನ್ನ ಪಕ್ಕದ ಮನೆಯ ಅಜ್ಜನಿಗೆ ಪ್ರತಿ ತಿಂಗಳು ನೀನೂ ಒಂದಿಷ್ಟು ಕಳಿಸುತ್ತಿದ್ದೀಯ. ‘ಅದು ನಾನು ಕಟ್ಟಿದ್ದು, ದಾನವಲ್ಲ’ ಎನ್ನುತ್ತಾರೆ ಅವರು, ಅದೂ ಸರಿಯೇ. ನಿನಗೆ ಆ ಹಕ್ಕು ಬರಬೇಕಾದರೆ ಹತ್ತು ವರ್ಷದಷ್ಟು ದುಡಿಮೆ ಇಲ್ಲಿ ದಾಖಲಾಗಬೇಕು. ಅದಕ್ಕೆ ಮೊದಲೇ ಊರಿಗೆ ಮರಳಿದರೆ ನಿನ್ನ ಪಾಲು ಇಲ್ಲಿಯೇ ಉಳಿಯುತ್ತದೆ, ಭಾರತದೊಂದಿಗೆ ಆ ಬಗ್ಗೆ ಒಪ್ಪಂದವಿಲ್ಲ.

ಹಾಗಾದರೆ ಊಟದ ಮೇಜಿನಲ್ಲಿ ಏನು ಹೇಳಬೇಕು? ಪಕ್ಷ ವಹಿಸಬೇಡ, ಹೆದರಿಕೆಗಲ್ಲ, ನೀನಿನ್ನೂ ಏನನ್ನೂ ನೋಡಿಲ್ಲ ಎಂಬ ಕಾರಣಕ್ಕೆ. ‘ನಮ್ಮ ದೇಶದಲ್ಲಿ ಇದಕ್ಕಿಂತ ಕಷ್ಟ’ ಎಂದು ಆ ಹುಡುಗಿಯ ಬಾಯಿ ಮುಚ್ಚಿಸಲು ಮಾತ್ರ ಹೋಗಬೇಡ; ನಮ್ಮವರು ಹೆಚ್ಚಾಗಿ ಮಾಡುವ ತಪ್ಪು ಅದು, ಹಿರಿಯರಿಗೆ ಬಹಳ ಇಷ್ಟವಾಗುವ ಮಾತೂ ಹೌದು. ಆ ಎಂಜಿನಿಯರನ್ನು ‘ನೀವು ಯಾವ ವರ್ಷ ಕೆಲಸಕ್ಕೆ ಸೇರಿದಿರಿ, ಆಗ ಮನೆಗೆ ಎಷ್ಟು ಕೊಟ್ಟಿರಿ?’ ಎಂದು ಕೇಳು. ಸಂಬಳ ಎಷ್ಟು ಎಂದು ಇಲ್ಲಿ ಕೇಳುವಂತಿಲ್ಲ, ಹಳೆಯ ಮನೆಯ ಬೆಲೆಯನ್ನು ಮಾತ್ರ ಎಲ್ಲರೂ ಉತ್ಸಾಹದಿಂದ ಹೇಳುತ್ತಾರೆ. ಅವರು ಹೇಳುವಾಗ ಆ ಹುಡುಗಿಯ ಮುಖ ನೋಡು.

ಪತ್ರದ ಕೊನೆಯ ಸಾಲಿನಲ್ಲಿ, 401ಕೆ ಅರ್ಜಿಯನ್ನು ಇನ್ನೂ ತುಂಬಿಲ್ಲ, ಇಲ್ಲೇ ಇರುತ್ತೇನೋ ಇಲ್ಲವೋ ಗೊತ್ತಿಲ್ಲ ಎಂದು ಬರೆದಿದ್ದೀಯ. ನೀನು ಹಾಕಿದಷ್ಟಕ್ಕೆ ಸರಿಯಾಗಿ ಕಂಪನಿಯೂ ಒಂದು ಪಾಲು ಸೇರಿಸುವುದಾದರೆ ಕನಿಷ್ಠ ಅಷ್ಟನ್ನಾದರೂ ಹಾಕು. ನೀನು ಹಾಕಿದ್ದು ಊರಿಗೆ ಹೋದರೂ ನಿನ್ನದೇ. ಕಂಪನಿಯ ಪಾಲು ಪೂರ್ತಿ ನಿನ್ನದಾಗಲು ಎಷ್ಟು ವರ್ಷ ಎಂದು ಆ ಕಾಗದದಲ್ಲೇ ಬರೆದಿರುತ್ತದೆ. ಅರ್ಥವಾಗದಿದ್ದರೆ ಶನಿವಾರ ಮಧ್ಯಾಹ್ನ ಫೋನು ಮಾಡು, ಮಗಳ ವಿಮೆಯ ಕಾಗದಗಳನ್ನು ಹರಡಿಕೊಂಡು ನಾನು ಹೇಗೂ ಕುಳಿತಿರುತ್ತೇನೆ.