ಕೋಲಾರದಲ್ಲಿ ಜನಸಂಖ್ಯೆ ಏರಿದ್ದಕ್ಕೇ ಹೊಲ ಕಡಿಮೆಯಾಗುತ್ತಿದೆಯೇ? ನಮ್ಮ ತಾಲ್ಲೂಕಿಗೆ ಇದನ್ನು ಲೆಕ್ಕ ಹಾಕುವುದು ಹೇಗೆ?

ಜನ ಹೆಚ್ಚಿದ್ದೇ ಕಾರಣ ಎಂದು ನೀವು ಆಗಲೇ ತೀರ್ಮಾನಿಸಿದಂತಿದೆ. ಕೋಲಾರದ ಮಟ್ಟಿಗೆ ಅದು ಅರ್ಧ ಸತ್ಯವೂ ಅಲ್ಲ.

ಮೊದಲು ಜನರ ಲೆಕ್ಕ. 2001ರ ಜನಗಣತಿ ಪುಸ್ತಕ ತೆರೆದರೆ ಕೋಲಾರ ಜಿಲ್ಲೆಗೆ 25,36,069 ಅಂತಿರುತ್ತದೆ, 2011ರದ್ದರಲ್ಲಿ 15,36,401. ಹತ್ತು ಲಕ್ಷ ಜನ ಊರು ಬಿಟ್ಟಿಲ್ಲ; 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು ಅಷ್ಟೆ. ಈಗಿನ ಗಡಿಯೊಳಗಿನ 2001ರ ಸಂಖ್ಯೆ 13,87,062. ಅಂದರೆ ಹತ್ತು ವರ್ಷದಲ್ಲಿ ಏರಿಕೆ ಶೇ. 10.8. ಇಡೀ ರಾಜ್ಯದ್ದು ಸುಮಾರು 15.6, ತುಮಕೂರಿನದ್ದು ನಾಲ್ಕಕ್ಕೂ ಕಡಿಮೆ, ಬೆಂಗಳೂರು ನಗರ ಜಿಲ್ಲೆಯದ್ದು 47ರ ಆಸುಪಾಸು. ಬೆಂಗಳೂರು ದಿಕ್ಕಿಗಿರುವ ಮಾಲೂರು, ನರಸಾಪುರ, ವೇಮಗಲ್ ಕಡೆಯ ಜಮೀನಿನ ಮೇಲೆ ಬೀಳುತ್ತಿರುವ ಒತ್ತಡ ಯಾರದ್ದು ಎಂದು ಇದರಲ್ಲೇ ಗೊತ್ತಾಗುತ್ತದೆ. ತಾಲ್ಲೂಕು ಮಟ್ಟದಲ್ಲೂ ಗಡಿ ನೋಡಿಕೊಳ್ಳಿ: ಈಗಿನ ಕೆ.ಜಿ.ಎಫ್. ತಾಲ್ಲೂಕು ಆಗ ಬಂಗಾರಪೇಟೆಯೊಳಗೇ ಇತ್ತು. 2021ರ ಗಣತಿ ನಡೆಯದ ಕಾರಣ, 2011ರ ನಂತರದ ವರ್ಷಗಳದ್ದೆಂದು ಸಿಗುವುದೆಲ್ಲ ಅಂದಾಜು. ಅದನ್ನು ಗಣತಿಯ ಅಂಕಿ ಎಂದು ಬರೆಯಬೇಡಿ.

ಊರೊಳಗಿನ ಜನ ಹೆಚ್ಚಿದ್ದರ ಪರಿಣಾಮ ಕಾಣುವುದು ಹೊಲದ ಒಟ್ಟು ವಿಸ್ತೀರ್ಣದಲ್ಲಿ ಅಲ್ಲ, ತುಂಡಾಗುವುದರಲ್ಲಿ. ಕೃಷಿ ಗಣತಿ ಪ್ರಕಾರ ರಾಜ್ಯದ ಸರಾಸರಿ ಹಿಡುವಳಿ 2010-11ರಲ್ಲಿ 1.55 ಹೆಕ್ಟೇರ್ ಇದ್ದದ್ದು 2015-16ಕ್ಕೆ 1.36ಕ್ಕೆ ಇಳಿಯಿತು. ಭಾಗವಾದಾಗ ನಷ್ಟ ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಚೌಕಾಕಾರದ ನಾಲ್ಕು ಎಕರೆಗೆ ಒಂದೊಂದು ಬದಿ ಸುಮಾರು 417 ಅಡಿ. ನಾಲ್ಕು ಜನರಿಗೆ ಪಟ್ಟಿಪಟ್ಟಿಯಾಗಿ ಹಂಚಿದರೆ ಮೂರು ಹೊಸ ಬದು, ಒಂದೊಂದು ಮೂರು ಅಡಿ ಅಗಲ. ಜೊತೆಗೆ ಎಲ್ಲರೂ ತಮ್ಮ ಪಟ್ಟಿಗೆ ಹೋಗಲು ಹತ್ತಡಿ ದಾರಿ. ಬದುವಿಗೆ ಮೂರೂವರೆ ಗುಂಟೆ, ದಾರಿಗೆ ನಾಲ್ಕು ಗುಂಟೆಯ ಹತ್ತಿರ, ಒಟ್ಟು ಏಳು ಗುಂಟೆ ದಾಟಿತು. 160 ಗುಂಟೆಯಲ್ಲಿ ಇದು ಶೇ. 4.5. ಪಹಣಿಯಲ್ಲಿ ಮಾತ್ರ ಒಂದು ಗುಂಟೆಯೂ ಕಡಿಮೆಯಾಗಿರುವುದಿಲ್ಲ! ಅದಕ್ಕಿಂತ ದೊಡ್ಡ ಪೆಟ್ಟು ಬೋರ್‌ವೆಲ್ಲಿನದ್ದು. ಅದು ಒಬ್ಬರ ಪಾಲಿಗೆ ಬಂದರೆ ಉಳಿದ ಮೂವರು ಮಳೆ ನಂಬಿ ರಾಗಿ ಹಾಕಬೇಕು, ಇಲ್ಲವೇ ಬೀಳು ಬಿಡಬೇಕು.

ಕಾಗದಕ್ಕೂ ನೆಲಕ್ಕೂ ಇರುವ ಅಂತರವೇ ಈ ಕೆಲಸದ ನಿಜವಾದ ತೊಡಕು. ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆಯಾದ ಜಮೀನು ದಾಖಲೆಯಲ್ಲಿ ಕೃಷಿಯಿಂದ ಹೊರಗೆ ಹೋಗುತ್ತದೆ. ಪರಿವರ್ತನೆಯಿಲ್ಲದೆ ಕಲ್ಲು ನೆಟ್ಟು ಮಾರಿದ ರೆವಿನ್ಯೂ ಸೈಟುಗಳು ಪಹಣಿಯಲ್ಲಿ ಇನ್ನೂ ಹೊಲವೇ. ಪತ್ತೆಹಚ್ಚುವುದು ಕಷ್ಟವಲ್ಲ: 30x40 ಸೈಟು 1,200 ಚದರಡಿ, ಒಂದು ಗುಂಟೆ 1,089. ಹೀಗಾಗಿ ಒಂದೇ ಸರ್ವೆ ನಂಬರಿನ ಪಹಣಿಯ 9ನೇ (ಮಾಲೀಕರ ಹೆಸರಿನ) ಕಾಲಂನಲ್ಲಿ ಹತ್ತಾರು ಹೆಸರು, ಪ್ರತಿಯೊಂದರ ಮುಂದೆ ಒಂದು ಗುಂಟೆ ಚಿಲ್ಲರೆ ಕಂಡರೆ ಅಲ್ಲಿ ರಾಗಿ ಇರುವುದಿಲ್ಲ.

ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಿಡಿದು, ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳ ಜೊತೆ ಹೋಲಿಸಿ. ಆದರೆ ಮಾರ್ಚ್ ತಿಂಗಳ ಚಿತ್ರ ಬೇಡ. ರಾಗಿ ಕೊಯ್ದ ಹೊಲವೂ ಬೀಳು ಹೊಲವೂ ಆಗ ಒಂದೇ ಬಣ್ಣ. ಅಕ್ಟೋಬರ್, ನವೆಂಬರಿನದ್ದು ಹುಡುಕಿ. ಹಸಿರೆಲ್ಲ ಬೆಳೆ ಅಂದುಕೊಳ್ಳಬೇಡಿ. ಮಾವಾದರೆ ಮರಗಳು ಬಿಡಿಬಿಡಿಯಾಗಿ, ಸುಮಾರು ಮೂವತ್ತಡಿಗೊಂದರಂತೆ ಚುಕ್ಕಿಯಾಗಿ ಕಾಣುತ್ತವೆ. ಮುಚ್ಚಿದ ದಟ್ಟ ಹಸಿರು ಸಾಮಾನ್ಯವಾಗಿ ನೀಲಗಿರಿ. ಬಿಳಿ ಚಾವಣಿಯೆಲ್ಲ ಕಾರ್ಖಾನೆಯೂ ಅಲ್ಲ, ಪಾಲಿಹೌಸ್ ಇರಬಹುದು.

ನಿಮ್ಮ ಕೋಷ್ಟಕದಲ್ಲಿ ನೀಲಗಿರಿಯನ್ನು ಪ್ರತ್ಯೇಕ ಕಾಲಂನಲ್ಲೇ ಇಡಿ. ಬಹಳಷ್ಟು ಕಡೆ ಅದು ಹೊಲಕ್ಕೆ ಬಂದದ್ದು ಆಳು ಸಿಗದೆ, ನೀರಿಲ್ಲದೆ, ಮಾಲೀಕರು ಬೆಂಗಳೂರು ಸೇರಿದ್ದಕ್ಕೆ. ನಿಮ್ಮ ಊಹೆಗೆ ಇದು ಪೂರ್ತಿ ಉಲ್ಟಾ. 2017ರಲ್ಲಿ ಹೊಸದಾಗಿ ನೆಡುವುದನ್ನು ನಿಷೇಧಿಸಿದರೂ ಕಡಿದ ಬುಡ ಮತ್ತೆ ಚಿಗುರುತ್ತದೆ. ಬೇರು ಕೀಳಲು ಜೆಸಿಬಿ ಬೇಕು, ಅದರ ಬಾಡಿಗೆಗೆ ಹೆದರಿ ತೋಪು ಹಾಗೇ ಉಳಿದದ್ದೂ ಉಂಟು.

ಇನ್ನು ವರ್ಷದ ಆಯ್ಕೆ. 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರತೊಡಗಿತು. ಆ ನೀರಿನ ಗುಣಮಟ್ಟದ ಜಗಳ ಬೇರೆ, ಅದರಲ್ಲಿ ಮೂರನೇ ಹಂತದ ಶುದ್ಧೀಕರಣ (ನೀರನ್ನು ಇನ್ನೂ ಒಂದು ಸುತ್ತು ಶುದ್ಧ ಮಾಡುವುದು) ಕೇಳುವವರ ಪರ ನಾನು. ಆದರೆ ನಿಮ್ಮ ಲೆಕ್ಕಕ್ಕೆ ಆ ನೀರು ಬಂದದ್ದು ದೊಡ್ಡ ತಿರುವು: ಕೆರೆಯ ಕೆಳಗಿನ ಬೀಳು ಮತ್ತೆ ಸಾಗುವಳಿಗೆ ಬಂದಿದ್ದರೆ ಅದಕ್ಕೂ ಜನಸಂಖ್ಯೆಗೂ ಸಂಬಂಧವಿಲ್ಲ. ಹಾಗಾಗಿ ನೀರು ತುಂಬಿದ ಕೆರೆಯ ಎರಡು ಹಳ್ಳಿ, ತುಂಬದ ಎರಡು, ಹೆದ್ದಾರಿ ಪಕ್ಕದ ಒಂದು ಆರಿಸಿ. ಮಳೆ ಹೆಚ್ಚುಕಡಿಮೆ ಒಂದೇ ಇದ್ದ ವರ್ಷಗಳನ್ನು ಹಿಡಿದು, 2018ರ ಹಿಂದಿನದ್ದನ್ನೂ ಮುಂದಿನದ್ದನ್ನೂ ಬೇರೆಬೇರೆ ಕೋಷ್ಟಕದಲ್ಲಿ ಬರೆಯಿರಿ.