ಎಂಎಲ್‌ಎ ಸದನದಲ್ಲಿ ಪ್ರಶ್ನೆ ಕೇಳಿದರೆ ನಮ್ಮೂರಿಗೆ ಏನು ಸಿಗುತ್ತದೆ?

"ಅಧಿವೇಶನದಲ್ಲಿ ನಮ್ಮ ಎಂಎಲ್‌ಎ ಸಚಿವರಿಗೆ ಪ್ರಶ್ನೆ ಕೇಳಿದರು ಅಂತ ಪೇಪರಲ್ಲಿ ಬರುತ್ತದೆ. ಅದರಿಂದ ಊರಿಗೆ ಏನಾದರೂ ಆಗುತ್ತದಾ? ನಮ್ಮಂಥವರು ಪ್ರಶ್ನೆ ಕೊಡಬಹುದಾ?" ಅಂತ ಕೇಳಿದ್ದೀರಿ.

ಆಗುತ್ತದೆ. ಕೊಡಲೂಬಹುದು. ಆದರೆ ಪ್ರಶ್ನೆ ಬರೆಯುವ ರೀತಿ ಮುಖ್ಯ. ನಾನು ಉಡುಪಿ ಜಿಲ್ಲೆಯ ಒಳಗಿನ ಒಂದು ಊರಿನವಳು. ಊರವರೊಟ್ಟಿಗೆ ಕೂತು ಎರಡು ಸಲ ಇಂಥ ಪ್ರಶ್ನೆ ಬರೆದುಕೊಟ್ಟಿದ್ದೇನೆ. ಮೊದಲನೆಯದು ಹಾಳಾಯಿತು, ಎರಡನೆಯದು ಕೆಲಸಕ್ಕೆ ಬಂತು. ಅದನ್ನೇ ಹೇಳುತ್ತೇನೆ.

ನಮ್ಮೂರಿಗೆ ಸಂಜೆ ಐದೂಕಾಲಿಗೆ ಒಂದು ಬಸ್ ಇತ್ತು. ಕಾಲೇಜು ಮಕ್ಕಳು, ಪೇಟೆಯ ಬಟ್ಟೆ ಅಂಗಡಿಗೆ ಹೋಗುವವರು, ಗೇರುಬೀಜ ಫ್ಯಾಕ್ಟರಿಯ ಹೆಂಗಸರು ಎಲ್ಲರೂ ಅದರಲ್ಲೇ ಬರುತ್ತಿದ್ದರು. ಕೊರೋನಾ ಲಾಕ್‌ಡೌನಲ್ಲಿ ನಿಂತ ಬಸ್ಸು ಮತ್ತೆ ಬರಲೇ ಇಲ್ಲ. ಮುಖ್ಯರಸ್ತೆಯಲ್ಲಿ ಇಳಿದು ನಾಲ್ಕು ಕಿಲೋಮೀಟರ್ ನಡೆಯಬೇಕು, ಇಲ್ಲದಿದ್ದರೆ ರಿಕ್ಷಾ. ನಡುವೆ ಒಂದು ಹಾಡಿ, ಅಂದರೆ ಸಣ್ಣ ಕಾಡು, ಇದೆ. ಆಟಿಯ (ಜುಲೈ-ಆಗಸ್ಟಿನ) ಮಳೆಯಲ್ಲಿ ಅಲ್ಲಿ ಆರು ಗಂಟೆಗೇ ಕತ್ತಲು. ತಾಯಂದಿರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಟಾರ್ಚ್ ಹಿಡಿದು ಹಾಡಿಯ ಆಚೆ ಬದಿಗೆ ಹೋಗಿ ಮಕ್ಕಳಿಗಾಗಿ ಕಾಯುತ್ತಿದ್ದರು. ನಾನೂ ಹಾಗೆ ಎಷ್ಟೋ ಸಂಜೆ ಕಾದಿದ್ದೇನೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ವಾ. ಸರ್ಕಾರಿ ಬಸ್ಸಲ್ಲಿ ಹೆಂಗಸರು ಟಿಕೆಟಿಗೆ ದುಡ್ಡು ಕೊಡಬೇಕಾಗಿಲ್ಲ. ಒಳ್ಳೆಯ ಯೋಜನೆ, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ದಕ್ಷಿಣ ಕನ್ನಡ, ಉಡುಪಿಯ ಒಳರಸ್ತೆಗಳಲ್ಲಿ ಮೊದಲಿಂದಲೂ ಖಾಸಗಿ ಬಸ್ಸುಗಳದ್ದೇ ಓಡಾಟ. ಸರ್ಕಾರಿ ಬಸ್ಸೇ ಬಾರದ ಊರಿನ ಹೆಣ್ಣುಮಕ್ಕಳಿಗೆ ಆ ಉಚಿತ ಟಿಕೆಟ್ ಎಲ್ಲಿ ಸಿಗಬೇಕು? ಈ ಮಾತು ಹಿಡಿದುಕೊಂಡೇ ನಾವು ಎಂಎಲ್‌ಎ ಕಚೇರಿಗೆ ಹೋದದ್ದು.

ಮೊದಲ ಸಲ ನಮಗೆ ಏನೂ ಗೊತ್ತಿರಲಿಲ್ಲ. ಪ್ರಶ್ನೆ ಹೀಗಿತ್ತು: ನಮ್ಮ ಗ್ರಾಮಕ್ಕೆ ಬಸ್ ಸೌಕರ್ಯವಿಲ್ಲದೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?

ಉತ್ತರದ ಹಾಳೆಯನ್ನು ಎಂಎಲ್‌ಎ ಅವರ ಪಿಎ ವಾಟ್ಸಾಪಲ್ಲಿ ಕಳಿಸಿದರು. ನೀವು ನೋಡಿರಲಿಕ್ಕಿಲ್ಲ, ಹೇಳುತ್ತೇನೆ. ಮೇಲೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರ ಹೆಸರು. ಕೆಳಗೆ ಎರಡು ಕಾಲಂ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಪ್ರಶ್ನೆಯನ್ನು (ಅ), (ಆ), (ಇ) ಅಂತ ತುಂಡು ಮಾಡಿರುತ್ತಾರೆ. ನಮ್ಮ (ಅ)ದ ಎದುರು "ಬಂದಿದೆ" ಅಂತ ಒಂದೇ ಪದ. (ಆ)ದ ಎದುರು, ವಾಹನ ಮತ್ತು ಸಿಬ್ಬಂದಿಯ ಲಭ್ಯತೆಗೆ ಅನುಗುಣವಾಗಿ ಪರಿಶೀಲಿಸಲಾಗುವುದು ಅಂತ ಒಂದು ಸಾಲು. ಮುಗಿಯಿತು. ಅಡುಗೆಮನೆಯಲ್ಲಿ ನಿಂತೇ ಮೂರು ಸಲ ಓದಿದೆ. ಆರು ತಿಂಗಳ ಓಡಾಟಕ್ಕೆ ಸಿಕ್ಕಿದ್ದು ಇಷ್ಟೇ. ಅಳು ಬಂದಿತ್ತು.

ಪಕ್ಕದ ಮನೆಯ ಮಾಷ್ಟ್ರು, ರಿಟೈರ್ಡ್ ಹೆಡ್‌ಮಾಸ್ಟರು, ಹಾಳೆ ನೋಡಿ ಹೇಳಿದರು: "ತಪ್ಪು ಪ್ರಶ್ನೆಯಲ್ಲೇ ಇದೆ ಮಾರಾಯ್ತಿ. ಗಮನಕ್ಕೆ ಬಂದಿದೆಯೇ ಅಂತ ಕೇಳಿದ್ದೀರಿ, ಬಂದಿದೆ ಅಂದರು. ಲೆಕ್ಕ ಕೇಳಿ, ತಾರೀಕು ಕೇಳಿ."

ಮುಂದಿನ ಅಧಿವೇಶನಕ್ಕೆ ಅವರ ಜಗಲಿಯಲ್ಲೇ ಕೂತು ಬರೆದೆವು. ಈ ರಸ್ತೆಯಲ್ಲಿ ಓಡಲು ಎಷ್ಟು ಬಸ್ಸುಗಳಿಗೆ ಪರ್ಮಿಟ್ ಕೊಡಲಾಗಿದೆ, ಯಾವ ಯಾವ ಹೊತ್ತಿಗೆ? ಅವುಗಳಲ್ಲಿ ಈಗ ಓಡುತ್ತಿರುವುದು ಎಷ್ಟು, ನಿಂತದ್ದು ಯಾವ ದಿನದಿಂದ? ನಿಂತ ಬಸ್ಸುಗಳ ಪರ್ಮಿಟಿನ ಮೇಲೆ ಯಾವ ದಿನ ಏನು ಕ್ರಮ ಆಗಿದೆ? ಊರಿನ ಹೆಸರು, ರಸ್ತೆಯ ಹೆಸರು, ಎಲ್ಲ ಸರಿಯಾಗಿ ಹಾಕಿದೆವು.

ಈ ಸಲ ಉತ್ತರದ ಜೊತೆಗೆ ಅನುಬಂಧ ಬಂತು. ಒಂದು ಪಟ್ಟಿ. ಮೂರು ಪರ್ಮಿಟ್, ಓಡುತ್ತಿರುವುದು ಒಂದು. ಐದೂಕಾಲಿನ ಬಸ್ಸು ಕಾಗದದಲ್ಲಿ ಇನ್ನೂ ಜೀವಂತ! ಬಸ್ಸೇ ಇಲ್ಲ ಅಂತ ನಾವು ಅಂದುಕೊಂಡಿದ್ದೆವು. ಬಸ್ಸಿತ್ತು, ಓಡಿಸುತ್ತಿರಲಿಲ್ಲ, ಅಷ್ಟೇ. ಪರ್ಮಿಟ್ ಇಟ್ಟುಕೊಂಡು ಓಡಿಸದೆ ಇರುವ ಹಾಗಿಲ್ಲ. ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರದ ಸಭೆಗೆ, ಅಂದರೆ ಆರ್‌ಟಿಎ ಸಭೆಗೆ, ಆ ಹಾಳೆಯ ಜೆರಾಕ್ಸ್ ಹಿಡಿದುಕೊಂಡು ಹೋದೆವು. ಸದನಕ್ಕೆ ಸಚಿವರು ಕೊಟ್ಟ ಉತ್ತರವನ್ನು ಯಾರೂ ಸುಳ್ಳು ಅನ್ನುವ ಹಾಗಿಲ್ಲ. ಒಂದೂವರೆ ತಿಂಗಳಲ್ಲಿ ಬಸ್ಸು ಬಂತು.

ಈಗ ನಿಮ್ಮ ಪ್ರಶ್ನೆಗೆ ಬೇಕಾದ ಉಳಿದ ವಿಷಯ. ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನದ್ದಕ್ಕೆ ಸಚಿವರು ಪ್ರಶ್ನೋತ್ತರ ವೇಳೆಯಲ್ಲಿ ಎದ್ದು ನಿಂತು ಉತ್ತರಿಸಬೇಕು, ಸದಸ್ಯರು ಅಲ್ಲೇ ಉಪಪ್ರಶ್ನೆ ಹಾಕಬಹುದು. ನೇರ ಪ್ರಸಾರದಲ್ಲಿ ಒಮ್ಮೆ ಗಮನಿಸಿ. ಮೊದಲ ಉತ್ತರವನ್ನು ಸಚಿವರು ಓದಿಬಿಡುತ್ತಾರೆ, ಉಪಪ್ರಶ್ನೆ ಬಂದಾಗ ಅಧಿಕಾರಿಗಳ ಕಡೆಯಿಂದ ಚೀಟಿ ಓಡಿಬರುತ್ತದೆ. ವಿಷಯ ಗೊತ್ತಿರುವ ಎಂಎಲ್‌ಎ ಯಾರು, ಸುಮ್ನೆ ಓದಿದವರು ಯಾರು ಅಂತ ಆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರೀ ಲಿಖಿತ ಉತ್ತರ. ಪೇಪರಿನವರು ಅದನ್ನು ಜಾಸ್ತಿ ನೋಡುವುದಿಲ್ಲ. ಆದರೆ ಊರಿನ ಕೆಲಸಕ್ಕೆ ನನಗೆ ಅದೇ ಹೆಚ್ಚು ಇಷ್ಟ. ನಮ್ಮ ಎರಡೂ ಪ್ರಶ್ನೆ ಆ ಬಗೆಯವು. ಉತ್ತರಗಳು ವಿಧಾನಸಭೆಯ ವೆಬ್‌ಸೈಟಿನಲ್ಲೂ ಸಿಗುತ್ತವೆ, ಕನ್ನಡದಲ್ಲೇ. ಸಚಿವರು ಸದನದಲ್ಲಿ "ಮಾಡಿಕೊಡುತ್ತೇವೆ" ಅಂದರೆ ಅದು ಭರವಸೆ ಅಂತ ದಾಖಲಾಗುತ್ತದೆ. ಅದನ್ನು ಬೆನ್ನು ಹತ್ತಲಿಕ್ಕೆ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಇದೆ. ಆ ಮಾತು ಆಡಿದ ದಿನಾಂಕ ಬರೆದಿಟ್ಟುಕೊಳ್ಳಿ.

ಎರಡೂ ಜಿಲ್ಲೆ ಸೇರಿ ನಮಗೆ 13 ಎಂಎಲ್‌ಎಗಳು, ದಕ್ಷಿಣ ಕನ್ನಡಕ್ಕೆ 8, ಉಡುಪಿಗೆ 5. ನಿಮ್ಮ ಎಂಎಲ್‌ಎ ಸಚಿವರೋ ಸಭಾಧ್ಯಕ್ಷರೋ ಆಗಿದ್ದರೆ ಅವರು ಪ್ರಶ್ನೆ ಕೇಳುವುದಿಲ್ಲ. 2023ರಲ್ಲಿ ಯು.ಟಿ. ಖಾದರ್ ಸಭಾಧ್ಯಕ್ಷರಾದಾಗ ಉಳ್ಳಾಲ ಕಡೆಯವರಿಗೆ ಹಾಗಾಯಿತು. (ಕರಾವಳಿಯವರು ಆ ಪೀಠದಲ್ಲಿ ಕೂತದ್ದು ಹೊಸತಲ್ಲ. ಉಡುಪಿಯ ಕಾನೂನು ಕಾಲೇಜಿಗೆ ಹೆಸರಿರುವ ವೈಕುಂಠ ಬಾಳಿಗರು 1960ರ ದಶಕದಲ್ಲೇ ಸಭಾಧ್ಯಕ್ಷರಾಗಿದ್ದರು.) ಅಂಥಲ್ಲಿ ಎಂಎಲ್‌ಸಿಗಳ, ಅಂದರೆ ವಿಧಾನ ಪರಿಷತ್ತಿನ ಸದಸ್ಯರ, ಹತ್ತಿರ ಹೋಗಿ. ಪರಿಷತ್ತಿನಲ್ಲೂ ಪ್ರಶ್ನೋತ್ತರ ಇದೆ, ಅಲ್ಲಿ 75 ಜನ ಸದಸ್ಯರು. ಎಷ್ಟೋ ಜನಕ್ಕೆ ಇದು ನೆನಪೇ ಆಗುವುದಿಲ್ಲ.

ಇನ್ನು, ಪ್ರಶ್ನೆ ಯಾರಿಗೆ ಸೇರಿದ್ದು ಅಂತ ಮೊದಲೇ ನೋಡಿಕೊಳ್ಳಿ. ರೈಲಿನ ಬಗ್ಗೆ ಬೆಂಗಳೂರಲ್ಲಿ ಕೇಳಿದರೆ, ಕೇಂದ್ರಕ್ಕೆ ಸಂಬಂಧಿಸಿದ ವಿಷಯ ಅಂತ ಕೈತೊಳೆದುಕೊಳ್ಳುತ್ತಾರೆ. ದೆಹಲಿಯಲ್ಲಿ ಕೇಳುವಾಗಲೂ ಹುಷಾರು ಬೇಕು. ಮಂಗಳೂರು ಸೆಂಟ್ರಲ್ ಇರುವುದು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿ. ತೋಕೂರಿನಿಂದ ಉಡುಪಿ ಕಡೆಗೆ ಕೊಂಕಣ ರೈಲ್ವೆ. ಸುಬ್ರಹ್ಮಣ್ಯ ರೋಡ್ ಮೈಸೂರು ವಿಭಾಗದ್ದು. ಒಂದೇ ಜಿಲ್ಲೆಯಲ್ಲಿ ಮೂರು ಯಜಮಾನರು. ಯಾವ ಸ್ಟೇಷನ್ ಅಂತ ಬರೆಯದಿದ್ದರೆ ಉತ್ತರ ಎಲ್ಲಿಗೂ ತಾಗುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರದ್ದೂ ಎಂಪಿಯವರ ಬಳಿ ಹೇಳಬೇಕಾದ ವಿಷಯ. ಲೋಕಸಭೆಯಲ್ಲಿ ಬೆಳಿಗ್ಗೆ 11ಕ್ಕೆ ಪ್ರಶ್ನೋತ್ತರ. ದಿನಕ್ಕೆ 20 ಚುಕ್ಕೆ ಪ್ರಶ್ನೆ ಪಟ್ಟಿಗೆ ಬರುತ್ತವೆ, ಕೊನೆಯವರೆಗೆ ತಲುಪುವುದೇ ಕಷ್ಟ.

ಆಸ್ಪತ್ರೆಗೂ ಇದೇ ಕ್ರಮ. ಎರಡೂ ಜಿಲ್ಲೆಯ ಬಡವರು ಹೋಗುವುದು ಮಂಗಳೂರಿನ ಸರ್ಕಾರಿ ಆಸ್ಪತ್ರೆಗೆ, 1848ರಷ್ಟು ಹಳೆಯ ವೆನ್‌ಲಾಕಿಗೆ. ಹಾಸಿಗೆ ಸಾಕಾಗುತ್ತಿದೆಯೇ ಅಂತ ಕೇಳಬೇಡಿ. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಯಾವ ವಿಭಾಗದಲ್ಲಿ ಎಷ್ಟು ಖಾಲಿ ಅಂತ ಕೇಳಿಸಿ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ವರ್ಷಕ್ಕೆ ಕಡಿಮೆ ಅಂದರೂ 60 ದಿನ ಅಧಿವೇಶನ ನಡೆಯಬೇಕು ಅಂತ 2005ರಲ್ಲಿ ನಮ್ಮ ವಿಧಾನಮಂಡಲವೇ ಕಾಯ್ದೆ ಮಾಡಿತು. ಅಷ್ಟು ದಿನ ನಡೆಯುವುದು ಅಪರೂಪ. ನಡೆದ ದಿನವೂ ಗಲಾಟೆಯಲ್ಲಿ ಪ್ರಶ್ನೋತ್ತರ ಕೊಚ್ಚಿಹೋದರೆ ಉಪಪ್ರಶ್ನೆಗೆ ಜಾಗವೇ ಇಲ್ಲ, ಉತ್ತರದ ಹಾಳೆ ಮೇಜಿನ ಮೇಲಿಟ್ಟು ಮುಗಿಸುತ್ತಾರೆ. ಹಾಡಿಯ ಆಚೆ ನಿಂತು ಕಾಯುವವರಿಗೆ ಆ ಒಂದು ಗಂಟೆ ಎಷ್ಟು ದೊಡ್ಡದು ಅಂತ ಒಳಗೆ ಕೂತವರಿಗೆ ಗೊತ್ತಾಗಬೇಕು.

ನೀವು ಕೊಡುವುದಾದರೆ ಅಧಿವೇಶನದ ದಿನಾಂಕ ಗೊತ್ತಾದ ಕೂಡಲೇ ಪಿಎ ಕೈಗೆ ಕೊಡಿ. ತಡವಾದರೆ ನೋಟಿಸಿನ ಅವಧಿ ದಾಟಿಹೋಗುತ್ತದೆ. ಒಂದೇ ಪುಟ, ಒಂದೇ ವಿಷಯ. ಅಧಿವೇಶನ ಇಲ್ಲದ ಹೊತ್ತಲ್ಲಿ ಜಿಲ್ಲೆಯ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆ ಇರುತ್ತದೆ, ಅಲ್ಲಿ ಉಸ್ತುವಾರಿ ಸಚಿವರ ಎದುರೇ ಎಂಎಲ್‌ಎಗಳು ಅಧಿಕಾರಿಗಳನ್ನು ಕೇಳಬಹುದು.

ನಮ್ಮ ಐದೂಕಾಲಿನ ಬಸ್ಸು ಈಗ ವಾರಕ್ಕೆ ಆರು ದಿನ ಬರುತ್ತಿದೆ. ಭಾನುವಾರ ಇಲ್ಲ. ಪಟ್ಟಿಯಲ್ಲಿದ್ದ ಮೂರನೆಯ ಪರ್ಮಿಟಿನ ಬಸ್ಸೂ ಬಂದಿಲ್ಲ. ಅದರ ಪ್ರಶ್ನೆಯನ್ನು ಮಾಷ್ಟ್ರು ಬರೆದು ಇಟ್ಟಿದ್ದಾರೆ, ಈ ವಾರ ಕೊಟ್ಟು ಬರುತ್ತೇವೆ.